ಬೆನ್ನಟ್ಟಿದರೆ ನಾಯಿ ಸಿಗಲ್ಲ

21 ಅಕ್ಟೋಬರ್ 2025, ಮಂಗಳವಾರ
ಕಲಬುರಗಿ

ನಿನ್ನೆ ನರಕ ಚತುರ್ದಶಿ. ರಾತ್ರಿ ಎಂಟರ ಸುಮಾರಿಗೆ ಪಕ್ಕದ ಮನೆಯ ರಾಜಾ ತಪ್ಪಿಸಿಕೊಂಡ. ರಾಜಾ ಅಂದ್ರೆ ಅವರ ನಾಯಿ. ಓಣಿಯಲ್ಲಿ ಪಟಾಕಿ ಸರ ಹಚ್ಚಿದ್ದೇ ತಡ, ಹಿಂದಕ್ಕೆ ಜಗ್ಗಿ ಕೊರಳಪಟ್ಟಿಯಿಂದ ತಲೆ ಬಿಡಿಸಿಕೊಂಡು ಓಡಿದ. ಆ ಮನೆಯ ಕಾಕಾ ಕೈಯಲ್ಲಿ ಸರಪಳಿ, ಅದರ ತುದಿಗೆ ಖಾಲಿ ಪಟ್ಟಿ.

ಎಲ್ಲರೂ ಪಟಾಕಿಗೆ ಬೈದರು. ನನಗೆ ಸಿಟ್ಟು ಬಂದದ್ದು ಗೇಟಿನ ಮೇಲೆ. ಓಣಿಗೆ ಸಿಸಿ ರಸ್ತೆ ಆದಾಗ ಗೇಟಿನ ಬುಡದವರೆಗೂ ಸಿಮೆಂಟು ಬಂತು. ಅಂದಿನಿಂದ ಗೇಟು ನೆಲಕ್ಕೆ ತಾಗಿ ಅರ್ಧಕ್ಕೇ ನಿಲ್ಲುತ್ತದೆ, ಚಿಲಕ ಸೇರೋದೇ ಇಲ್ಲ. 'ಗೇಟು ಹಾಕಿತ್ತಲ್ಲಾ' ಅಂತಾರೆ ಕಾಕಾ. ಹಾಕಿತ್ತು, ನಾಯಿ ನುಸುಳುವಷ್ಟು ಜಾಗ ಬಿಟ್ಟು!

ಹುಡುಗರು 'ಹಿಡೀರಿ, ಹಿಡೀರಿ' ಅಂತ ಬೆನ್ನಟ್ಟಿದರು. ಹೆದರಿದ ನಾಯಿಗೆ ಹಿಂದೆ ಬರುವವರು ಮನೆಯವರೋ ಬೇರೆಯವರೋ ತಿಳಿಯಲ್ಲ, ಇನ್ನಷ್ಟು ದೂರ ಓಡುತ್ತದೆ ಅಷ್ಟೇ. ಸದ್ಯ, ರಿಂಗ್ ರೋಡ್ ಕಡೆ ಹೋಗಲಿಲ್ಲ. ಹಿಂದಿನ ಓಣಿಯಲ್ಲಿ ನಿಲ್ಲಿಸಿದ್ದ ಟ್ರಾಲಿ ಕೆಳಗೆ ಸೇರಿಕೊಂಡಿದ್ದ. ಕಿವಿ ತಲೆಗೆ ಅಂಟಿತ್ತು, ಬಾಲ ಹೊಟ್ಟೆಯಡಿ, ಮೈಯೆಲ್ಲ ನಡುಕ. ಒಬ್ಬ ಹುಡುಗ ಬಾಲ ಹಿಡಿದು ಎಳೆಯೋಕೆ ಹೋಗಿ ಕೈಗೆ ಹಲ್ಲು ತಾಗಿಸಿಕೊಂಡ.

ಆಗ ಕಾಕು, ಅಂದ್ರೆ ಕಾಕಾ ಅವರ ಹೆಂಡತಿ, ಬಂದರು. "ಎಲ್ರೂ ಹಿಂದಕ್ ಸರೀರಿ, ಯಾರೂ ಒದರಬ್ಯಾಡ್ರಿ" ಅಂದು, ಟ್ರಾಲಿಯಿಂದ ಸ್ವಲ್ಪ ದೂರ ನೆಲದ ಮೇಲೇ ಕೂತರು. ನಾಯಿ ಕಡೆ ನೋಡಲೂ ಇಲ್ಲ. ರೊಟ್ಟಿ ಮುರಿದು ಒಂದೊಂದೇ ಚೂರು ಹಾಕುತ್ತಾ, ದಿನಾ ಊಟಕ್ಕೆ ಕರೆಯುವ ದನಿಯಲ್ಲೇ ಏನೋ ಮಾತಾಡುತ್ತಿದ್ದರು. ರಾಜಾ ತೆವಳಿಕೊಂಡು ಬಂದ, ಮೊದಲು ಸೀರೆ ಸೆರಗು ಮೂಸಿದ. ಅವನು ಪೂರ್ತಿ ಮಡಿಲಿಗೆ ಒರಗಿದ ಮೇಲೇ ಕಾಕು ಪಟ್ಟಿ ಹಾಕಿದ್ದು.

ಹುಡುಗನ ಕೈಗೆ ಅವರಜ್ಜಿ ಅರಿಶಿನ ಮೆತ್ತಲು ಹೊರಟಿದ್ದರು. ತಡೆದು, ನಲ್ಲಿ ಕೆಳಗೆ ಸೋಪು ಹಚ್ಚಿ 15 ನಿಮಿಷ ತೊಳೆಸಿ, ರೇಬೀಸ್ ಲಸಿಕೆಗೆ ಆಸ್ಪತ್ರೆಗೆ ಕಳಿಸಿದೆವು. ನಾಯಿಗೆ ಲಸಿಕೆ ಆಗಿದ್ರೂ ಇಂಥದ್ದರಲ್ಲಿ ಸುಮ್ನೆ ಕೂರಬಾರದು.

ಇವತ್ತು ಅಮಾವಾಸ್ಯೆ, ವೆಲ್ಡಿಂಗ್ ಅಂಗಡಿ ಬಂದ್. ಸದ್ಯಕ್ಕೆ ಗೇಟಿಗೆ ಮೇಲೊಂದು ಕೆಳಗೊಂದು ಸರಪಳಿ ಸುತ್ತಿದ್ದೇವೆ. ಕೊರಳಪಟ್ಟಿಯನ್ನು ಎರಡು ಬೆರಳಷ್ಟೇ ತೂರುವ ಹಾಗೆ ಬಿಗಿ ಮಾಡಿ, ಅದರ ಮೇಲೆ ಕಾಕಾ ಮೊಬೈಲ್ ನಂಬರ್ ಬರೆದೆ. ನಾಳೆ ಪಾಡ್ಯ, ಪಟಾಕಿ ಇನ್ನೂ ಜಾಸ್ತಿ. ಕತ್ತಲಾಗುವ ಮೊದಲೇ ತಿರುಗಾಡಿಸಿ, ಒಳಕೋಣೆಯಲ್ಲಿ ಕಿಟಕಿ ಮುಚ್ಚಿ, ಟಿವಿ ಹಚ್ಚಿಡೋದು ಅಂತ ಮಾತಾಗಿದೆ. ವೆಲ್ಡಿಂಗ್‌ನವನು ಗುರುವಾರ ಬಂದು ಗೇಟಿನ ತಳ ಕತ್ತರಿಸಿಕೊಡ್ತಾನಂತೆ. ಕಾಕಾ ಫೋನಿನಲ್ಲೇ ಚೌಕಾಸಿ ಶುರು ಮಾಡಿದ್ದಾರೆ.