ಖಣಿ ಮುಚ್ಚಿದ ಹೊಲದ ಮಣ್ಣನ್ನು ಒಂದೇ ಬುಟ್ಟಿಗೆ ಹಾಕಬಾರದು

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ ಕಡೆ ಸಿಮೆಂಟಿನ ಸುಣ್ಣಕಲ್ಲು ತೆಗೆದ ಖಣಿಯನ್ನು ತುಂಬಿ ಮತ್ತೆ ಹೊಲ ಮಾಡುವಾಗ ಪದೇ ಪದೇ ಕಾಣುವ ಸಂಗತಿ ಒಂದಿದೆ. ಮಣ್ಣು ಪರೀಕ್ಷೆಯ ವರದಿ ಚೆನ್ನಾಗಿರುತ್ತದೆ, ತೊಗರಿ ಮಾತ್ರ ಮೊಣಕಾಲೆತ್ತರಕ್ಕೆ ನಿಂತುಬಿಡುತ್ತದೆ. ತಪ್ಪು ಬಹಳ ಸಲ ಮಾದರಿ ತೆಗೆದ ಬುಟ್ಟಿಯಲ್ಲೇ ಆಗಿರುತ್ತದೆ.

ಮಾಮೂಲಿ ಎರೆ (ಕಪ್ಪು ಜಿಗಟು ಮಣ್ಣಿನ) ಹೊಲದಲ್ಲಿ ಅಂಕುಡೊಂಕಾಗಿ ನಡೆದು 15–20 ಕಡೆ 15 ಸೆಂ.ಮೀ. ಆಳದ ಮಣ್ಣು ತೆಗೆದು, ಕಲಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಚೆಲ್ಲುತ್ತಾ ಅರ್ಧ ಕಿಲೋಗೆ ಇಳಿಸುತ್ತೇವೆ. ಅಲ್ಲಿ ಅದು ಸರಿ, ಆ ಮಣ್ಣು ಸಾವಿರಾರು ವರ್ಷ ಒಂದೇ ಕಡೆ ಕೂತದ್ದು. ಖಣಿ ತುಂಬಿದ ಜಾಗದಲ್ಲಿ ಹತ್ತು ಹೆಜ್ಜೆಗೊಂದು ಟಿಪ್ಪರ್ ಲೋಡು. ಒಂದು ಲೋಡು ಒಳ್ಳೆಯ ಎರೆ, ಪಕ್ಕದ್ದು ಓಬಿ, ಅಂದರೆ ಕಲ್ಲಿನ ಮೇಲಿದ್ದ ಗರಸು, ಸುಣ್ಣದ ಹರಳು, ಚೂರುಕಲ್ಲು. ಎರಡನ್ನೂ ಕಲಸಿದರೆ ಸಾವಯವ ಇಂಗಾಲ 0.5 ಪ್ರತಿಶತ ಬಂದು 'ಮಧ್ಯಮ' ಅಂತ ವರದಿ ಬರುತ್ತದೆ. ಆ ಅಂಕಿಯ ಮಣ್ಣು ಹೊಲದ ಯಾವ ಮೂಲೆಯಲ್ಲೂ ಇರುವುದಿಲ್ಲ. 2015ರಲ್ಲಿ ಬಂದ ಮಣ್ಣು ಆರೋಗ್ಯ ಚೀಟಿಯಲ್ಲಿ ಮಳೆಯಾಶ್ರಿತ ಜಮೀನಿಗೆ 10 ಹೆಕ್ಟೇರಿಗೊಂದು ಮಾದರಿ. ತುಂಬಿದ ಜಾಗಕ್ಕೆ ಆ ಅಳತೆ ಸಾಲದು. ಎಕರೆಗೊಂದು ತುಂಡು ಮಾಡಿ, ಯಾವ ಡಂಪಿನ (ತೆಗೆದಿಟ್ಟ ಗುಡ್ಡೆಯ) ಮಣ್ಣು ಯಾವ ತಿಂಗಳು ಎಲ್ಲಿ ಸುರಿದದ್ದು ಎಂಬುದನ್ನು ನಕ್ಷೆಯಲ್ಲಿ ಗುರುತಿಸಿ, ಆ ಗೆರೆ ದಾಟಿ ಮಣ್ಣು ಕಲಸಬೇಡಿ.

ಆಳವೂ ಬೇರೆ ಬೇರೆ: 0–15, 15–30, 30–60, 60–90 ಸೆಂ.ಮೀ., ನಾಲ್ಕಕ್ಕೆ ನಾಲ್ಕು ಚೀಲ. ತೊಗರಿಯ ತಾಯಿಬೇರು ಮೇಲಿನ ಗೇಣಿಗೆ ನಿಲ್ಲುವುದಲ್ಲ. ಇಲ್ಲಿ ಎಲ್ಲರ ಕೈಯೂ ಮಾಡುವ ತಪ್ಪೊಂದಿದೆ. ಆಗರ್, ಅಂದರೆ ಮಣ್ಣು ಕೊರೆದು ತೆಗೆಯುವ ಸಲಾಕೆ, ಕಲ್ಲಿಗೆ ತಾಗಿ ನಿಂತರೆ ಎರಡು ಹೆಜ್ಜೆ ಸರಿದು ಮೆತ್ತಗಿರುವ ಕಡೆ ಇಳಿಸುತ್ತೇವೆ. ಹಾಗೆ ಮಾಡಿದಾಗ ಚೀಲಕ್ಕೆ ಬರುವುದು ಹೊಲದ ಒಳ್ಳೆಯ ಮಣ್ಣು ಮಾತ್ರ. ನಿಂತ ಜಾಗವನ್ನೂ ಆಳವನ್ನೂ ಬರೆದುಕೊಳ್ಳಿ, ಅಲ್ಲೇ ಗುದ್ದಲಿ, ಹಾರೆಯಿಂದ ಗುಂಡಿ ತೆಗೆಯಿರಿ. ಗುಂಡಿಯ ಗೋಡೆಯನ್ನು ಚಾಕುವಿನಿಂದ ಕೆರೆದರೆ ಕಪ್ಪು ಮುಗಿದು ಬೂದುಬಿಳಿ ಶುರುವಾಗುವ ಗೆರೆ ಕಣ್ಣಿಗೆ ಕಾಣುತ್ತದೆ. ಅಲ್ಲಿಗೆ ಟೇಪು ಹಿಡಿಯಿರಿ. ಕಾಗದದಲ್ಲಿ 45 ಸೆಂ.ಮೀ. ಮೇಲ್ಮಣ್ಣು ಅಂತಿದ್ದರೂ ಗುಂಡಿಯಲ್ಲಿ 20 ಇರಬಹುದು. ಎಕರೆಗೆ 45 ಸೆಂ.ಮೀ. ಅಂದರೆ ಸುಮಾರು 1,800 ಘನ ಮೀಟರ್ ಗಟ್ಟಿ ಮಣ್ಣು. ಅಗೆದ ಮಣ್ಣು ಕಾಲುಭಾಗದಷ್ಟು ಉಬ್ಬುವುದರಿಂದ 10 ಘನ ಮೀಟರಿನ ಟಿಪ್ಪರಿಗೆ 225 ಲೋಡು ಬೇಕು. 180 ಎಣಿಸಿ ನಿಲ್ಲಿಸಿದರೆ ಮಣ್ಣು ಕೂತ ಮೇಲೆ ಐದರಲ್ಲೊಂದು ಪಾಲು ಕಮ್ಮಿ ಬೀಳುತ್ತದೆ.

ಕಲ್ಲಿನ ತೂಕವನ್ನು ಬಿಡಬೇಡಿ. ಪ್ರಯೋಗಾಲಯದವರು 2 ಮಿ.ಮೀ. ಜರಡಿಯಿಂದ ಕೆಳಗೆ ಬಿದ್ದದ್ದನ್ನಷ್ಟೇ ಪರೀಕ್ಷಿಸುತ್ತಾರೆ. 10 ಕಿಲೋ ಮಣ್ಣಿನಲ್ಲಿ 4 ಕಿಲೋ ಜರಡಿಯ ಮೇಲೆ ಉಳಿದರೆ ವರದಿಯ ಅಂಕಿ ಉಳಿದ 6 ಕಿಲೋದ್ದು. ಆ ಹೊಲ ಹಿಡಿಯುವ ನೀರು, ಕೊಡುವ ಸಾರ ಎರಡೂ ಅದೇ ಲೆಕ್ಕದಲ್ಲಿ ಇಳಿಯುತ್ತವೆ. ಚೀಲ ಕಟ್ಟುವ ಮೊದಲೇ ತೂಗಿ ಬರೆದಿಡಿ.

ಕಲ್ಲಿದ್ದಲು ಗಣಿಯ ಪುಸ್ತಕ ಹಿಡಿದು ಬಂದವರು ಸುಣ್ಣ ಹಾಕಲು ಹೇಳುವುದುಂಟು. ಅಲ್ಲಿ ಓಬಿಯಲ್ಲಿ ಪೈರೈಟ್ (ಕಬ್ಬಿಣ, ಗಂಧಕದ ಖನಿಜ) ಇದ್ದರೆ ಗಾಳಿ, ನೀರು ತಾಗಿ ಆಮ್ಲವಾಗುತ್ತದೆ, ಸುಣ್ಣ ಬೇಕಾಗುತ್ತದೆ. ನಮ್ಮದು ಉಲ್ಟಾ. ಹೆಂಟೆಯ ಮೇಲೆ 10 ಪ್ರತಿಶತ ಹೈಡ್ರೋಕ್ಲೋರಿಕ್ ಆಮ್ಲದ ಎರಡು ಹನಿ ಬಿಟ್ಟು ಕಿವಿ ಹತ್ತಿರ ಹಿಡಿಯಿರಿ. ಚುರ್ ಎಂದು ನೊರೆ ಬಂದರೆ ಸುಣ್ಣ ಧಾರಾಳವಾಗಿದೆ, ಅಲ್ಲಿ ರಂಜಕ ಕಟ್ಟಿಬೀಳುತ್ತದೆ, ಕಬ್ಬಿಣ ಮತ್ತು ಸತುವು ಬೇರಿಗೆ ಸಿಗುವುದಿಲ್ಲ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಅದು ಕಬ್ಬಿಣದ ಕೊರತೆ. 0.5 ಪ್ರತಿಶತ ಫೆರಸ್ ಸಲ್ಫೇಟಿಗೆ 0.1 ಪ್ರತಿಶತ ಸಿಟ್ರಿಕ್ ಆಮ್ಲ ಸೇರಿಸಿ ಎಲೆಗೆ ಸಿಂಪಡಿಸಬೇಕು. ಜಿಪ್ಸಮ್ ಕೂಡ ಕಣ್ಣುಮುಚ್ಚಿ ಹಾಕುವಂಥದ್ದಲ್ಲ, ವಿನಿಮಯ ಸೋಡಿಯಂ (ಮಣ್ಣಿನ ಕಣಕ್ಕೆ ಅಂಟಿದ ಲವಣಾಂಶಗಳಲ್ಲಿ ಸೋಡಿಯಂನ ಪಾಲು) 15 ಪ್ರತಿಶತ ದಾಟಿದ್ದರೆ ಮಾತ್ರ ಅದಕ್ಕೆ ಕೆಲಸ. ಸತುವು, ಕಬ್ಬಿಣ ನೋಡಿಸುವ ಮಾದರಿಗೆ ತುಕ್ಕು ಹಿಡಿದ ಸಲಿಕೆ, ತಗಡಿನ ಬುಟ್ಟಿ ಬೇಡ. ಪ್ಲಾಸ್ಟಿಕ್ ಬಕೆಟ್ ಇರಲಿ, ಒಣಗಿಸುವುದು ನೆರಳಲ್ಲಿ.

ರಾಸಾಯನಿಕ ವರದಿಯಲ್ಲಿ ಎಂದೂ ಕಾಣದ ರೋಗ ಗಟ್ಟಿತನ. 1,000 ಘನ ಸೆಂ.ಮೀ. ಹಿಡಿಯುವ ಕೋರ್ ಕಟರ್ (ಎರಡೂ ಕಡೆ ತೆರೆದ ಉಕ್ಕಿನ ಕೊಳವೆ) ಬಡಿದು, ಮಣ್ಣನ್ನು 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ ತೂಗಿ. 1,300 ಗ್ರಾಂ ಬಂದರೆ ಬೇರು ಇಳಿಯುತ್ತದೆ, ಜಿಗಟು ಎರೆಯಲ್ಲಿ 1,450 ದಾಟಿದರೆ ಬೇರು ಅಡ್ಡ ತಿರುಗುತ್ತದೆ. ಮೇ ತಿಂಗಳ ಬಿರುಕಿನ ಮಣ್ಣಲ್ಲಿ ಈ ಅಳತೆ ತೆಗೆಯಬೇಡಿ. ಎರೆ ಒಣಗಿದಾಗ ಕುಗ್ಗಿ ಹೆಚ್ಚು ತೂಗುತ್ತದೆ.

ಗಟ್ಟಿಯಾಗುವುದಕ್ಕೆ ಕಾರಣ ಹಸಿ ಇದ್ದಾಗ ಡೋಜರ್ ಓಡಿಸಿದ್ದು. ಅಂಗೈಯಲ್ಲಿ ಮಣ್ಣು ಹೊಸೆದು ನೋಡಿ. 3 ಮಿ.ಮೀ. ದಪ್ಪದ ಎಳೆ ಮುರಿಯದೆ ಬಂದರೆ ಆ ದಿನ ಯಂತ್ರ ನಿಲ್ಲಲಿ. ಮೊದಲು ಓಬಿಯ ಮೇಲ್ಮೈಯನ್ನು ರಿಪ್ಪರಿನಿಂದ (ಡೋಜರಿನ ಹಿಂದಿನ ಉಕ್ಕಿನ ಹಲ್ಲಿನಿಂದ) 50–60 ಸೆಂ.ಮೀ. ಸೀಳಿ, ಆಮೇಲೆ ಮೇಲ್ಮಣ್ಣು ಒಂದೇ ಸಲಕ್ಕೆ ಮುಂದಕ್ಕೆ ತಳ್ಳಬೇಕು. ಹರಡಿದ ಮಣ್ಣಿನ ಮೇಲೆ ಟಿಪ್ಪರ್ ಹತ್ತಬಾರದು. ಮೇಲ್ಮಣ್ಣನ್ನು ಬೇರೆಯಾಗಿ ತೆಗೆದಿಡಬೇಕೆಂದು 2017ರ ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳೂ ಹೇಳುತ್ತವೆ. ಆದರೆ ಆರೇಳು ಮೀಟರ್ ಎತ್ತರ ಗುಡ್ಡೆ ಹಾಕಿದರೆ ಒಳಗೆ ಗಾಳಿಯಾಡದೆ ಮಣ್ಣಿನ ಜೀವ ಹೋಗುತ್ತದೆ. 2–3 ಮೀಟರಿಗೆ ನಿಲ್ಲಿಸಿ, ಮೇಲೆ ಹುರುಳಿಯನ್ನೋ ಹಸಿರೆಲೆ ಗೊಬ್ಬರದ ಸೆಣಬನ್ನೋ ಚೆಲ್ಲಿ.

ಮೊದಲ ವರ್ಷವೇ ತೊಗರಿ ಬಿತ್ತುವ ಆಸೆ ಅರ್ಥವಾಗುತ್ತದೆ, 2019ರಲ್ಲಿ ಭೌಗೋಳಿಕ ಸೂಚಕ ಪಡೆದ ಬೆಳೆ ಅದು. ಆದರೆ ತುಂಬಿದ ನೆಲ ಮೊದಲ ಮಳೆಗಳಿಗೆ ಕುಸಿದು ತಗ್ಗು ಬೀಳುತ್ತದೆ, ತೊಗರಿ ನಿಂತ ನೀರು ತಡೆಯುವುದಿಲ್ಲ. ಎರಡು ಮುಂಗಾರು ಎಕರೆಗೆ 15–20 ಕಿಲೋ ಸೆಣಬು ಬಿತ್ತಿ, 45–50 ದಿನಕ್ಕೆ ಹೂ ಬರುವಾಗ ಮಣ್ಣಿಗೆ ಸೇರಿಸಿ. ನೀರು ನಿಂತ ಕಡೆಯೆಲ್ಲ ಗೂಟ ಹೊಡೆದು, ಬೇಸಿಗೆಯಲ್ಲಿ ಡಂಪಿನಲ್ಲಿ ಉಳಿಸಿಟ್ಟ ಎರೆಯಿಂದಲೇ ಆ ತಗ್ಗು ತುಂಬಿ. ಓಬಿಯಿಂದ ತುಂಬಬೇಡಿ. ಮುಂದಿನ ಮಾದರಿ ತೆಗೆಯುವಾಗ ಆ ಗೂಟದ ಜಾಗಗಳಿಗೆ ಬೇರೆ ಚೀಲ, ಒಳಗೊಂದು ಹೊರಗೊಂದು ಪೆನ್ಸಿಲಿನಲ್ಲಿ ಬರೆದ ಚೀಟಿ. ಪೆನ್ನಿನ ಶಾಯಿ ಹಸಿ ಮಣ್ಣಿಗೆ ಅಳಿಸಿಹೋಗುತ್ತದೆ.