ಕುಲಾವಿಯ ಅಂಚಿಗೆ ಬೆಳ್ಳಿ ಗೆಜ್ಜೆ

ತಂಗಿಯ ಮಗುವಿನ ತೊಟ್ಟಿಲ ಕಾರ್ಯಕ್ಕೆಂದು ಗುಳೇದಗುಡ್ಡದ ಖಣದಲ್ಲಿ (ರವಿಕೆಗೆ ಬಳಸುವ ಕೈಮಗ್ಗದ ಬಟ್ಟೆ) ಕುಲಾವಿಯೊಂದನ್ನು, ಅಂದರೆ ಕೂಸಿನ ಟೋಪಿಯನ್ನು, ಕೈಯಾರೆ ಹೊಲಿಯಲು ಆರಂಭಿಸಿದಾಗ, ಅದರ ಅಂಚಿಗೆ ಹಚ್ಚುವ ಗೆಜ್ಜೆಗಳು ಬೆಳ್ಳಿಯವೇ ಆಗಿರಬೇಕೆಂದು ನಿರ್ಧರಿಸಿದ್ದೆ. ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಕುಂಚಿಗೆ, ಕುಲಾವಿ ತವರಿನಿಂದ ಹೋಗುವ ಉಡುಗೊರೆಗಳು. ಪೆಟ್ಟಿಗೆಯ ತಳದಲ್ಲಿ ಎರಡು ಮೂರು ತಲೆಮಾರು ಉಳಿದು ಮತ್ತೊಂದು ಕೂಸಿನ ತಲೆಗೆ ಏರುವಂಥವು. ಅಷ್ಟು ಕಾಲ ಬಾಳಬೇಕಾದ ಬಟ್ಟೆಗೆ ಒಂದೇ ಮಳೆಗಾಲದಲ್ಲಿ ಕಪ್ಪಾಗಿ ತುಕ್ಕು ಬಿಡುವ ಗೆಜ್ಜೆಯನ್ನು ಹಚ್ಚಲು ನನಗೆ ಮನಸ್ಸು ಬರಲಿಲ್ಲ.

ಆದರೆ ಬೆಳ್ಳಿ ಈಗ ಅಗ್ಗದ ಲೋಹವಾಗಿ ಉಳಿದಿಲ್ಲ. 2024ರಲ್ಲಿ ಕಿಲೋಗೆ ಒಂದು ಲಕ್ಷ ರೂಪಾಯಿಯ ಗಡಿ ದಾಟಿದ ದರ, 2025ರ ಡಿಸೆಂಬರ್‌ನಲ್ಲಿ ಎರಡು ಲಕ್ಷವನ್ನೂ ದಾಟಿತು. ಹೀಗಿರುವಾಗ ಕೈಗೆಟಕುವ ಬೆಲೆಗೆ ಬಿಡಿ ಗೆಜ್ಜೆ ಸಿಗಬೇಕೆಂದರೆ, ಎಲ್ಲಿ ಕೇಳಬೇಕು ಮತ್ತು ಏನನ್ನು ಕೇಳಬೇಕು ಎಂಬುದು ಮೊದಲೇ ತಿಳಿದಿರಬೇಕು.

ಕರಕುಶಲ ಸಾಮಗ್ರಿಯ ಅಂಗಡಿಗಳಲ್ಲಿ ‘ಸಿಲ್ವರ್ ಬೆಲ್’ ಎಂದು ಪೊಟ್ಟಣ ಕಟ್ಟಿ ಮಾರುವ ಗೆಜ್ಜೆಗಳು ಸಾಮಾನ್ಯವಾಗಿ ಕಬ್ಬಿಣದ ಅಥವಾ ಹಿತ್ತಾಳೆಯ ಮೇಲೆ ಬಣ್ಣದ ಲೇಪ ಕೊಟ್ಟವು. ಜರ್ಮನ್ ಸಿಲ್ವರ್ ಎಂಬುದರಲ್ಲಿಯೂ ಬೆಳ್ಳಿ ಎಳ್ಳಷ್ಟೂ ಇಲ್ಲ. ಅದು ತಾಮ್ರ, ಸತು, ನಿಕಲ್ ಸೇರಿದ ಮಿಶ್ರಲೋಹ. ಗೋಡೆಯ ತೋರಣಕ್ಕೋ ಚೀಲದ ಅಂಚಿಗೋ ಇವು ಸಾಕು, ಆದರೆ ನಿಕಲ್ ತಾಗಿ ಕೆಲವರ ಚರ್ಮ ಕೆಂಪಾಗಿ ತುರಿಸುವುದರಿಂದ ಕೂಸಿನ ಕತ್ತಿನ ಬಳಿ ನಾನು ಅದನ್ನು ಬಳಸಲಾರೆ. ಇನ್ನು ದೊಡ್ಡ ಆಭರಣ ಮಳಿಗೆಗಳಲ್ಲಿ ಸಿದ್ಧ ಕಾಲ್ಗೆಜ್ಜೆ ಸಿಗುತ್ತದೆಯೇ ಹೊರತು, ನಾನು ವಿಚಾರಿಸಿದ ಕಡೆಗಳಲ್ಲಿ ಬಿಡಿ ಗೆಜ್ಜೆ ಕೊಡಲು ಒಪ್ಪಲಿಲ್ಲ.

ನನಗೆ ಬೇಕಾದದ್ದು ಸಿಕ್ಕಿದ್ದು ಕಾಲ್ಗೆಜ್ಜೆ ರಿಪೇರಿ ಮಾಡುವ ಪತ್ತಾರರ, ಅಂದರೆ ಅಕ್ಕಸಾಲಿಗರ ಬಳಿ. ಗೆಜ್ಜೆ ಉದುರಿದ ಕಾಲ್ಚೈನುಗಳು ಅವರಲ್ಲಿಗೆ ದಿನವೂ ಬರುವುದರಿಂದ ಸಣ್ಣ, ದೊಡ್ಡ ಗಾತ್ರದ ಬಿಡಿ ಗೆಜ್ಜೆಗಳನ್ನು ಡಬ್ಬಿಗಳಲ್ಲಿ ಇಟ್ಟುಕೊಂಡಿರುತ್ತಾರೆ ಮತ್ತು ಬೇಕೆಂದವರಿಗೆ ತೂಗಿ ಕೊಡುತ್ತಾರೆ. ನಮ್ಮ ಗಡಿಯಾಚೆಗೆ ನಿಪ್ಪಾಣಿಗೆ ಹತ್ತಿರವಿರುವ ಕೊಲ್ಹಾಪುರ ಜಿಲ್ಲೆಯ ಹುಪರಿ, ತಮಿಳುನಾಡಿನ ಸೇಲಂ ಬೆಳ್ಳಿ ಕಾಲ್ಗೆಜ್ಜೆಯ ಕೆಲಸಕ್ಕೆ ಹೆಸರಾದ ಊರುಗಳು. ಆ ಕಡೆ ಓಡಾಡುವ ಬಂಧುಗಳಿದ್ದರೆ ಅವರಿಗೂ ಹೇಳಿಡಬಹುದು.

ಕೈಯಲ್ಲಿ ಹಿಡಿದು ನೋಡಿದರೆ ಆ ಪುಟ್ಟ ಗೆಜ್ಜೆಯ ಕೆಲಸ ಎಷ್ಟು ನಾಜೂಕಾದದ್ದೆಂದು ತಿಳಿಯುತ್ತದೆ. ತೆಳು ತಗಡಿನಿಂದ ಅಚ್ಚೊತ್ತಿ ತೆಗೆದ ಎರಡು ಅರೆಗೋಳಗಳ ನಡುವೆ ಒಂದು ಕಾಳನ್ನಿಟ್ಟು ಬೆಸುಗೆ ಹಾಕಿರುತ್ತಾರೆ. ಮೇಲೆ ಕೊಂಡಿ, ಕೆಳಗೆ ದನಿ ಹೊರಬರುವ ಸೀಳು. ಬಟಾಣಿಗಿಂತ ಚಿಕ್ಕದಾದ ಈ ಗೆಜ್ಜೆಯ ನಡುಸೊಂಟವನ್ನು ಬೆರಳಿನಿಂದ ಸವರಿದಾಗ ಬೆಸುಗೆಯ ಗೆರೆ ಒರಟಾಗಿ ತಾಗಿದರೆ ಅದನ್ನು ಬದಿಗಿಡಿ, ಏಕೆಂದರೆ ಖಣದ ಎಳೆ ಅಲ್ಲಿಯೇ ಸಿಕ್ಕಿಕೊಂಡು ಹರಿಯುತ್ತದೆ. ಅಯಸ್ಕಾಂತ ಹಿಡಿದು ಪರೀಕ್ಷಿಸುವವರು ಇನ್ನೊಂದನ್ನು ಗಮನಿಸಬೇಕು: ಬೆಳ್ಳಿ ಅಯಸ್ಕಾಂತಕ್ಕೆ ಅಂಟುವುದಿಲ್ಲ ನಿಜ, ಆದರೆ ಒಳಗಿನ ಕಾಳು ಕಬ್ಬಿಣದ್ದಾಗಿದ್ದರೆ ಅಸಲಿ ಬೆಳ್ಳಿಯ ಗೆಜ್ಜೆಯೂ ಅತ್ತ ಹೊರಳುತ್ತದೆ. ಹಾಗೆ ಹೊರಳಿದ ಮಾತ್ರಕ್ಕೆ ಅದನ್ನು ನಕಲಿ ಎನ್ನಲಾಗದು. ಕಾಳಿನ ತೂಕಕ್ಕೂ ಬೆಳ್ಳಿಯ ದರವನ್ನೇ ಕೊಡುತ್ತಿದ್ದೇವೆಯೇ ಎಂದು ಮಾತ್ರ ಕೇಳಬೇಕು.

ಅಂಗಡಿಯಲ್ಲಿ ಗೆಜ್ಜೆಯೊಂದಕ್ಕೆ ಎಷ್ಟು ಎಂದು ಕೇಳುವ ಬದಲು ತೂಕ, ಶುದ್ಧತೆ, ಮಜೂರಿ ಈ ಮೂರನ್ನೂ ಬೇರೆ ಬೇರೆಯಾಗಿ ಕೇಳುವುದು ಒಳ್ಳೆಯದು. 925 ಎಂದರೆ ನೂರಕ್ಕೆ 92.5 ಪಾಲು ಬೆಳ್ಳಿ. ಅದಕ್ಕಿಂತ ಕಡಿಮೆಯ 800, 835ರಂಥ ದರ್ಜೆಗಳೂ ಇವೆ. ಬೆಳ್ಳಿಗೆ ಹಾಲ್‌ಮಾರ್ಕ್ ಇದೆಯಾದರೂ ಇಷ್ಟು ಚಿಕ್ಕ ಗೆಜ್ಜೆಯ ಮೇಲೆ ಮುದ್ರೆಗೆ ಜಾಗ ಸಿಗುವುದು ಕಷ್ಟವಾದ್ದರಿಂದ, ಶುದ್ಧತೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳುವುದೇ ನಮಗಿರುವ ಆಧಾರ. ನಾನು ಆರಿಸಿದ ಹನ್ನೊಂದು ಗೆಜ್ಜೆಗಳು ನಾಲ್ಕೂವರೆ ಗ್ರಾಂ ತೂಗಿದವು. ಕಿಲೋಗೆ ಎರಡು ಲಕ್ಷದ ದರ ಹಿಡಿದರೆ ಇದು 900 ರೂಪಾಯಿ, ಅದರ ಮೇಲೆ ಮಜೂರಿ ಮತ್ತು ಜಿಎಸ್‌ಟಿ. ಅಂಚಿನುದ್ದಕ್ಕೂ ಹಚ್ಚುವ ಆಸೆಯನ್ನು ಬಿಟ್ಟು ಕುಲಾವಿಯ ಹಿಂಬದಿಗೆ ಮಾತ್ರ ಗೆಜ್ಜೆ ಕೊಟ್ಟು, ಉಳಿದ ಕಡೆ ಅದೇ ಖಣದ ಬಣ್ಣದ ರೇಷ್ಮೆ ದಾರದ ಗೊಂಡೆಗಳನ್ನು ಕಟ್ಟಿದ್ದರಿಂದ ಖರ್ಚು ಹಿಡಿತದಲ್ಲಿ ಉಳಿಯಿತು. ನೋಡುವುದಕ್ಕೂ ಇದೇ ಚೆಂದ.

ಇದಕ್ಕಿಂತ ಅಗ್ಗದ ದಾರಿಯೊಂದಿದೆ. ಕೊಂಡಿ ಮುರಿದ ಅಥವಾ ಜೋಡಿ ಕಳೆದ ಕಾಲ್ಗೆಜ್ಜೆ ಮನೆಯಲ್ಲಿದ್ದರೆ, ಪತ್ತಾರರು ಅದರ ಗೆಜ್ಜೆಗಳನ್ನು ಬಿಡಿಸಿ, ಸವೆದ ಕೊಂಡಿ ಬದಲಿಸಿ ಕೊಡುತ್ತಾರೆ. ನಾವು ತೆರಬೇಕಾದದ್ದು ಆ ಕೆಲಸದ ಕೂಲಿ ಮತ್ತು ಹೊಸ ಕೊಂಡಿಗಳ ಬೆಲೆ. ಹಳೆಯದನ್ನು ಅಂಗಡಿಗೆ ಕೊಟ್ಟು ಹೊಸ ಗೆಜ್ಜೆ ಪಡೆಯುವುದಕ್ಕಿಂತ ಇದೇ ಲಾಭ, ಏಕೆಂದರೆ ವಿನಿಮಯದಲ್ಲಿ ಹಳೆಯ ಬೆಳ್ಳಿಯ ತೂಕದಲ್ಲಿ ಒಂದಿಷ್ಟನ್ನು ಕಳೆಯುತ್ತಾರೆ.

ಹೊಲಿಯುವಾಗ ಪ್ರತಿ ಗೆಜ್ಜೆಯನ್ನೂ ಮೇಣ ಸವರಿದ ಜೋಡಿ ದಾರದಿಂದ ಬಿಡಿಬಿಡಿಯಾಗಿ ಗಂಟು ಹಾಕಿ ಭದ್ರಪಡಿಸಿ. ಒಂದೇ ದಾರದಲ್ಲಿ ಎಲ್ಲವನ್ನೂ ಪೋಣಿಸಿದರೆ ಆ ದಾರ ಹರಿದ ಕ್ಷಣಕ್ಕೆ ಅಷ್ಟೂ ಉದುರುತ್ತವೆ. ಈ ಗಾತ್ರದ ಗೆಜ್ಜೆ ಕೂಸಿನ ಗಂಟಲಿಗೆ ಸಿಕ್ಕಿಕೊಳ್ಳುವಷ್ಟೇ ಇರುವುದರಿಂದ, ಕಾರ್ಯ ಮುಗಿದ ಕೂಡಲೇ ಕುಲಾವಿಯನ್ನು ತೆಗೆದಿಡಬೇಕು. ಅದನ್ನು ಹಾಕಿ ಕೂಸನ್ನು ಮಲಗಿಸಲೇಬಾರದು. ಕಪ್ಪಾದ ಗೆಜ್ಜೆಯನ್ನು ಒಣ ವಿಭೂತಿಯಿಂದ ಮೆಲ್ಲಗೆ ಉಜ್ಜಿ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ನೀರಿನಲ್ಲಿ ಅದ್ದಿದರೆ ಸೀಳಿನೊಳಗೆ ತೇವ ಉಳಿದು ಒಳಗಿನ ಕಾಳು ಕಬ್ಬಿಣದ್ದಾಗಿದ್ದರೆ ತುಕ್ಕು ಹಿಡಿಯುತ್ತದೆ ಮತ್ತು ಅದರ ಕಲೆ ಖಣಕ್ಕೆ ಇಳಿಯುತ್ತದೆ.