ತಂಬಾಕಿಗೆ ಸುಣ್ಣ ಯಾಕೆ ಬೇಕು?

ಹುಬ್ಬಳ್ಳಿಯ ಹಳೇ ಬಸ್ ಸ್ಟ್ಯಾಂಡ್ ಹತ್ತಿರ ಸ್ವಲ್ಪ ಹೊತ್ತು ನಿಂತರೆ ಸಾಕು, ಅಂಗೈಯಲ್ಲಿ ತಂಬಾಕು ಹಾಕಿಕೊಂಡು ಚೂರು ಸುಣ್ಣ ಹಚ್ಚಿ ಹೆಬ್ಬೆರಳಿನಿಂದ ತಿಕ್ಕುವವರು ಕಾಣುತ್ತಾರೆ. ಸುಣ್ಣ ಇಲ್ಲದಿದ್ರೆ "ಕಿಕ್ ಬರಂಗಿಲ್ರೀ" ಅನ್ನುತ್ತಾರೆ. ಅವರು ಹೇಳುವುದು ನಿಜ. ಫಾರ್ಮಸಿ ಓದುವ ಹುಡುಗರು ಪಿಎಚ್ (ಹುಳಿ-ಕ್ಷಾರದ ಅಳತೆ; ಅಂಕಿ ಇಳಿದಷ್ಟೂ ಹುಳಿ, ಏರಿದಷ್ಟೂ ಕ್ಷಾರ), ಪಿಕೆಎ ಅಂದ ಕೂಡಲೇ ಹೆದರಿ, ಲಾಗ್ ಇರುವ ಆ ಸೂತ್ರವನ್ನು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮೇಲೆ ಮರೆತುಬಿಡುತ್ತಾರೆ. ನನ್ನನ್ನು ಕೇಳಿದರೆ ಆ ಪಾಠ ಈ ಸುಣ್ಣದಿಂದಲೇ ಶುರುವಾಗಬೇಕು.

ತಂಬಾಕಿನಲ್ಲಿ ಕಿಕ್ ಕೊಡುವ ನಿಕೋಟಿನ್ ಒಂದು ವೀಕ್ ಬೇಸ್, ಅಂದರೆ ದುರ್ಬಲ ಕ್ಷಾರ. ನೀರಿನಲ್ಲಿ ಅದರ ಕೆಲವು ಕಣಗಳು ಹೈಡ್ರೋಜನ್ ಅಯಾನು ಹಿಡಿದುಕೊಂಡು ಚಾರ್ಜ್ ಆಗಿರುತ್ತವೆ, ಉಳಿದವು ಹಾಗೇ ಇರುತ್ತವೆ. ನಮ್ಮ ಜೀವಕೋಶದ ಪೊರೆ ಕೊಬ್ಬಿನದು. ಚಾರ್ಜ್ ಇಲ್ಲದ ಕಣ ಅದನ್ನು ಸಲೀಸಾಗಿ ದಾಟುತ್ತದೆ, ಚಾರ್ಜ್ ಇರುವುದು ಹೆಚ್ಚುಕಡಿಮೆ ಹೊರಗೇ ಉಳಿಯುತ್ತದೆ. ಪಿಎಚ್ ಏರಿದಷ್ಟೂ ಹಿಡಿದುಕೊಳ್ಳಲು ಹೈಡ್ರೋಜನ್ ಅಯಾನು ಕಡಿಮೆ, ಹಾಗಾಗಿ ಚಾರ್ಜ್ ಇಲ್ಲದ ಕಣ ಜಾಸ್ತಿ. ಎರಡೂ ಅರ್ಧ ಅರ್ಧ ಇರುವ ಪಿಎಚ್ ಯಾವುದೋ ಅದೇ ಪಿಕೆಎ. ನಿಕೋಟಿನ್‌ಗೆ ಅದು ಸುಮಾರು 8.

ಈಗ ಲೆಕ್ಕ ನೋಡಿ. ಬಾಯಿಯ ಪಿಎಚ್ 7 ಇದ್ದರೆ ದಾಟಬಲ್ಲ ನಿಕೋಟಿನ್ ಶೇ 9 ಮಾತ್ರ. 6ಕ್ಕೆ ಇಳಿದರೆ ಶೇ 1. ಅದೇ 9ಕ್ಕೆ ಏರಿದರೆ ಶೇ 91! ಪಿಎಚ್ ಒಂದು ಅಂಕಿ ಜರುಗಿದರೆ ಎರಡು ರೂಪಗಳ ಅನುಪಾತ ಹತ್ತು ಪಟ್ಟು ಬದಲಾಗುತ್ತದೆ, ಹೆಂಡರ್ಸನ್–ಹ್ಯಾಸೆಲ್‌ಬಾಲ್ಕ್ ಸೂತ್ರ ಹೇಳುವುದು ಇಷ್ಟೇ. ಸುಣ್ಣದ ತಿಳಿನೀರಿನ ಪಿಎಚ್ 12ರ ಮೇಲಿದೆ. ಉಗುಳು ಅಲ್ಲಿಯವರೆಗೆ ಹೋಗಬೇಕಿಲ್ಲ, 8 ದಾಟಿದರೂ ಸಾಕು, ಕೆನ್ನೆಯ ಒಳಚರ್ಮದಿಂದ ನಿಕೋಟಿನ್ ನೇರವಾಗಿ ರಕ್ತಕ್ಕೆ ಸೇರುತ್ತದೆ. ಚಟ ಅಷ್ಟು ಬಿಗಿಯಾಗಿ ಹಿಡಿಯುವುದಕ್ಕೆ ಇದೂ ಒಂದು ಕಾರಣ. ಅದೇ ಸುಣ್ಣ ಬಾಯಿಯ ಒಳಚರ್ಮವನ್ನು ಸುಡುತ್ತದೆ, ತಂಬಾಕಿನಿಂದ ಬಾಯಿ ಕ್ಯಾನ್ಸರ್ ಬರುತ್ತದೆ, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ತಂಬಾಕು ಬಿಡಬೇಕು ಅಂತ ನಿಕೋಟಿನ್ ಗಮ್ ತೆಗೆದುಕೊಳ್ಳುವವರಿಗೆ ಈ ಲೆಕ್ಕ ತುಂಬಾ ಮುಖ್ಯ. ಗಮ್ ತಯಾರಿಸುವವರು ಬಾಯಿಯ ಪಿಎಚ್ ಏರಲಿ ಅಂತಲೇ ಅದರಲ್ಲಿ ಸೋಡಿಯಂ ಕಾರ್ಬೊನೇಟ್‌ನಂಥ ಕ್ಷಾರ ಸೇರಿಸಿರುತ್ತಾರೆ. ನೀವು ಅದರ ಜೊತೆ ಕಾಫಿ, ಲಿಂಬು ಚಹಾ, ಕೋಲಾ ಕುಡಿದರೆ ಬಾಯಿ ಹುಳಿಯಾಗಿ ಆ ಕೆಲಸವೆಲ್ಲ ಹಾಳು. ಗಮ್ ಹಾಕುವ 15 ನಿಮಿಷ ಮೊದಲಿಂದ, ಬಾಯಲ್ಲಿ ಇರುವಷ್ಟು ಹೊತ್ತೂ ಏನನ್ನೂ ತಿನ್ನಬೇಡಿ, ಕುಡಿಯಬೇಡಿ. ಬಂದ ರಸವನ್ನು ಗಟಗಟ ನುಂಗಲೂಬೇಡಿ. ಹೊಟ್ಟೆಯ ಆಮ್ಲದಲ್ಲಿ ಅದು ಪೂರ್ತಿ ಚಾರ್ಜ್ ಆಗುತ್ತದೆ, ಮುಂದೆ ಕರುಳು ಹೀರಿಕೊಂಡರೂ ಬಹುಪಾಲನ್ನು ಲಿವರ್ ಒಡೆದುಹಾಕುತ್ತದೆ. "ಗಮ್ ಕೆಲ್ಸ ಮಾಡ್ಲಿಲ್ರೀ" ಅಂತ ಮತ್ತೆ ತಂಬಾಕಿಗೆ ಮರಳುವವರಲ್ಲಿ ಕೆಲವರಿಗಾದರೂ ಇದನ್ನು ಯಾರೂ ಹೇಳಿರುವುದಿಲ್ಲ, ಅದೇ ಬೇಜಾರು.



ಹಲ್ಲಿನ ಇಂಜೆಕ್ಷನ್ ವಿಷಯವೂ ಇದೇ ಲೆಕ್ಕಕ್ಕೆ ಬರುತ್ತದೆ. ಜೋಮು ಹಿಡಿಸಲು ಕೊಡುವ ಲಿಡೋಕೇನ್ ಕೂಡ ನಿಕೋಟಿನ್‌ನಂತೆ ವೀಕ್ ಬೇಸ್, ಅದರ ಪಿಕೆಎ 7.9. ಸರಿಯಾಗಿರುವ ಒಸಡಿನಲ್ಲಿ, ಅಂದರೆ 7.4ರಲ್ಲಿ, ಕಾಲು ಭಾಗದಷ್ಟು ಚಾರ್ಜ್ ಇಲ್ಲದೆ ನರದೊಳಕ್ಕೆ ಇಳಿಯುತ್ತದೆ. ಕೀವು ತುಂಬಿದ ಜಾಗ ಹುಳಿಯಾಗಿರುತ್ತದೆ, ಅಲ್ಲಿ ಪಿಎಚ್ 6.5 ಇದ್ದರೆ ಬರೀ ಶೇ 4. ಇಂಜೆಕ್ಷನ್ ಕೊಟ್ಟರೂ ಜೋಮು ಹಿಡಿಯಲಿಲ್ಲ ಅಂತ ಜನ ಡಾಕ್ಟರನ್ನೇ ಬೈಯುತ್ತಾರೆ. ಇದೊಂದೇ ಕಾರಣ ಅಲ್ಲ, ಆದರೆ ಇದೂ ಒಂದು ಕಾರಣ. ಅದಕ್ಕೇ ಅನೇಕ ಡಾಕ್ಟರುಗಳು ಕೀವಿನ ಜಾಗ ಬಿಟ್ಟು, ಅದರ ಹಿಂದೆ ದೂರದಲ್ಲಿ, ನರ ಬರುವ ದಾರಿಯಲ್ಲೇ ಸೂಜಿ ಚುಚ್ಚುತ್ತಾರೆ.